ಹಾಸನವೋ ಚಿಕ್ಕಮಗಳೂರೋ ಎಂದು ಕಿತ್ತಾಡುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ

ಹಾಸನಕ್ಕೆ ವಿಮಾನ ನಿಲ್ದಾಣವಂತೆ, ಚಿಕ್ಕಮಗಳೂರಿಗೆ ಯಾಕಿಲ್ಲ? ಚಿಕ್ಕಮಗಳೂರಿಗೆ ಪ್ರವಾಸಿಗರು ಮುಗಿಬೀಳುತ್ತಾರೆ, ಹಾಸನಕ್ಕೆ ಯಾರು ಬರುತ್ತಾರೆ? ನಿಮ್ಮಲ್ಲಿ ಹೋಂಸ್ಟೇ ಬಿಟ್ಟರೆ ಏನಿದೆ? ನಿಮ್ಮಲ್ಲಿ ರಾಜಕಾರಣ ಬಿಟ್ಟರೆ ಏನಿದೆ? ಮೊಬೈಲಿನಲ್ಲಿ ಇಂಥ ಮಾತುಗಳು ಈಗ ದಿನವೂ ಕಣ್ಣಿಗೆ ಬೀಳುತ್ತವೆ. ಬರೆಯುವವರಲ್ಲಿ ಹೆಚ್ಚಿನವರು ಮೂವತ್ತು ದಾಟದವರು. ಅವರಲ್ಲಿ ಕೆಲವರ ಮುಖಪರಿಚಯವೂ ನನಗಿದೆ, ಏಕೆಂದರೆ ಕೆಲಸಕ್ಕೆ ಅರ್ಜಿ ತುಂಬಿಸಲು ಅವರು ಬರುವುದು ನನ್ನ ಅಂಗಡಿಗೆ.

ಬೇಲೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಝೆರಾಕ್ಸ್, ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಪ್ರವೇಶಪತ್ರ. ನಮ್ಮ ಊರಿನ ಸ್ಥಿತಿ ಈ ಜಗಳದಲ್ಲಿ ವಿಚಿತ್ರವಾದದ್ದು. ಜಿಲ್ಲೆ ಹಾಸನ, ಆದರೆ ಚಿಕ್ಕಮಗಳೂರು ಸುಮಾರು 25 ಕಿಲೋಮೀಟರ್, ಹಾಸನ ಸುಮಾರು 40. ಜಿಲ್ಲಾಧಿಕಾರಿ ಕಚೇರಿಗೆ ಆ ಕಡೆ ಹೋಗುತ್ತೇವೆ, ಮದುವೆಯ ಜವಳಿಗೂ ಮಕ್ಕಳ ಕಾಲೇಜಿಗೂ ಎಷ್ಟೋ ಮನೆಯವರು ಈ ಕಡೆ ಹೋಗುತ್ತಾರೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ಯಗಚಿ ನಮ್ಮ ಊರಿನ ಪಕ್ಕ ಹರಿದು ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತದೆ. ಅದಕ್ಕೆ ಬೇಲೂರಿನಲ್ಲಿ ಕಟ್ಟಿದ ಅಣೆಕಟ್ಟೆಯ ನೀರನ್ನು ಚಿಕ್ಕಮಗಳೂರು ನಗರ ಕುಡಿಯುತ್ತದೆ. ನಡುವೆ ನಿಂತು ನೋಡುವವಳಿಗೆ ಎರಡೂ ಕಡೆಯ ಹುಡುಗರು ಒಂದೇ ರೀತಿ ಕಾಣುತ್ತಾರೆ. ಕೈಯಲ್ಲಿ ಒಂದೇ ಬಗೆಯ ಪ್ಲಾಸ್ಟಿಕ್ ಫೈಲು, ಅದರೊಳಗೆ ಒಂದೇ ಬಗೆಯ ಅಂಕಪಟ್ಟಿ, ಕೇಳುವುದೂ ಒಂದೇ ಮಾತು: "ಅಕ್ಕಾ, ಹೊಸದಾಗಿ ಯಾವುದಾದರೂ ಕರೆದಿದ್ದಾರಾ?"

ಅದಕ್ಕೇ ಇದನ್ನು ಬರೆಯಲೇಬೇಕು ಅನ್ನಿಸಿತು. ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಪಕ್ಕದ ಊರಿನ ಮೇಲೆ ತೀರಿಸಿಕೊಳ್ಳುವುದರಿಂದ ನಿಮ್ಮಲ್ಲಿ ಒಬ್ಬರಿಗೂ ಸಂಬಳ ಬರುವುದಿಲ್ಲ. ಯಾವ ಕಟ್ಟಡ ಯಾವ ಊರಿಗೆ ಬಂತು ಎಂದು ಲೆಕ್ಕ ಇಡುತ್ತಾ ಕೂತಿದ್ದೀರಿ. ಆ ಕಟ್ಟಡದೊಳಗೆ ಯಾರಿಗೆ ಕೆಲಸ ಸಿಕ್ಕಿತು, ಎಷ್ಟು ಸಂಬಳಕ್ಕೆ, ಎಷ್ಟು ವರ್ಷಕ್ಕೆ ಎಂದು ಎರಡೂ ಊರಿನಲ್ಲಿ ಯಾರೂ ಕೇಳುತ್ತಿಲ್ಲ.

ಹಾಸನಕ್ಕೆ ಏನೂ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಅಲ್ಲಿದೆ, ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, 2006ರಲ್ಲಿ ವೈದ್ಯಕೀಯ ಕಾಲೇಜು ಬಂತು, ಜವಳಿ ವಿಶೇಷ ಆರ್ಥಿಕ ವಲಯ ಬಂತು. ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ ಮಂಜೂರಾದ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ತಿಯಾಗಲು 2017ರವರೆಗೆ ಕಾಯಬೇಕಾಯಿತು. ಚಿಕ್ಕಮಗಳೂರಿನವರ ನೋವೂ ಸುಳ್ಳಲ್ಲ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ಇಡೀ ದೇಶ ತಮ್ಮ ಕಡೆ ತಿರುಗಿ ನೋಡುವಂತೆ ಮಾಡಿದ ಜಿಲ್ಲಾಕೇಂದ್ರಕ್ಕೆ ರೈಲು ಬಂದದ್ದು 2013ರಲ್ಲಿ, ಅದೂ ಕಡೂರಿನಿಂದ. ಬೇಲೂರಿನ ಮೇಲೆ ಹಾಸನಕ್ಕೆ ಹೋಗಬೇಕಾದ ಮಾರ್ಗಕ್ಕೆ ನಾವು ಇನ್ನೂ ಕಾಯುತ್ತಿದ್ದೇವೆ. ಈ ಮಾರ್ಗ ಎರಡೂ ಊರನ್ನು ಜೋಡಿಸುತ್ತದೆ. ಇಷ್ಟು ಜಗಳ ಬರೆಯುವವರಲ್ಲಿ ಇದಕ್ಕಾಗಿ ಒಂದು ಸಾಲು ಬರೆದವರನ್ನು ನಾನು ಕಂಡಿಲ್ಲ.

ಐಐಟಿಯ ವಿಷಯವನ್ನೂ ನೆನಪಿಸಿಕೊಳ್ಳಿ. ಹಾಸನಕ್ಕೆ ಬೇಕು ಎಂಬ ಕೂಗು ವರ್ಷಗಟ್ಟಲೆ ಇತ್ತು. 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು. ಧಾರವಾಡದವರು ಬೇಡಿದ್ದು ತಪ್ಪಲ್ಲ, ಅವರಿಗೆ ಸಿಕ್ಕಿದ್ದೂ ತಪ್ಪಲ್ಲ. ಆದರೆ ಅಲ್ಲಿ ಊರೆಲ್ಲಾ ಒಟ್ಟಾಗಿ ಕೇಳಿದ ಹಾಗೆ ಇಲ್ಲಿ ಮಲೆನಾಡು ಒಟ್ಟಾಗಿ ಕೇಳಿತೇ? ಹಾಸನದ ಬೇಡಿಕೆ ಹಾಸನದ್ದಾಗಿಯೇ ಉಳಿಯಿತು. ಅರವತ್ತು ಕಿಲೋಮೀಟರ್ ಆಚೆ ಅದು ಯಾರ ಮನೆಯ ಮದುವೆಯೋ ಎಂಬಂತೆ ಇತ್ತು.

ಇನ್ನು ಕೆಲಸದ ಮಾತಿಗೆ ಬರೋಣ. ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತವರಿಗೆ ಇರುವ ದಾರಿಗಳು ನಾಲ್ಕೈದು ಅಷ್ಟೇ.

ಮೊದಲನೆಯದು ಸರ್ಕಾರಿ ನೌಕರಿ. ಇದರ ಕಥೆ ಹೇಳಲು ಹೊರಟರೆ ನನಗೆ ಸಂಕಟವಾಗುತ್ತದೆ. ಪಿಎಸ್‌ಐ 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಣ ಕೊಟ್ಟವನು ಸಿಕ್ಕಿಬಿದ್ದ, ಸರಿ. ಆದರೆ ಬೆಳಗಿನ ಜಾವ ಎದ್ದು ಓಡಿ, ಓದಿ, ನ್ಯಾಯವಾಗಿ ಬರೆದವನು ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದುಕೊಂಡ. ಆಮೇಲೆ ಕೆಪಿಎಸ್‌ಸಿ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಬಂತು. 2024ರ ಆಗಸ್ಟಿನ ಪ್ರಶ್ನೆಪತ್ರಿಕೆಯಲ್ಲಿ ಕನ್ನಡ ಅನುವಾದವೇ ಅರ್ಥವಾಗದಂತಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಕರ್ನಾಟಕದ ಪರೀಕ್ಷೆಯಲ್ಲಿ ಕನ್ನಡದಿಂದಲೇ ಸೋಲಬೇಕಾಯಿತು. ಡಿಸೆಂಬರಿನಲ್ಲಿ ಮತ್ತೆ ಬರೆಸಿದರು, ಮತ್ತೆ ತಪ್ಪುಗಳ ದೂರು. ಅದೇ ವರ್ಷದ ಅಕ್ಟೋಬರ್ ಕೊನೆಯಿಂದ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ನೇಮಕಾತಿ ಅಧಿಸೂಚನೆಗಳೂ ನಿಂತವು. ಒಳಮೀಸಲಾತಿ ದಶಕಗಳ ನ್ಯಾಯವಾದ ಹೋರಾಟ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಅಷ್ಟು ಹಳೆಯ ಬೇಡಿಕೆಗೆ ಮೊದಲೇ ಉತ್ತರ ಕೊಡದೆ ಮಕ್ಕಳ ವಯಸ್ಸನ್ನು ಕಾಯಲು ಬಿಟ್ಟರಲ್ಲ, ಅದಕ್ಕೆ ಸಿಟ್ಟು.

ಕೆಲಸ ಸಿಗದವರಿಗೆ ಸರ್ಕಾರ ಭತ್ಯೆ ಕೊಡುವ ಯುವನಿಧಿ ಬಂತು. ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾ ಮಾಡಿದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಆ ಹಣವನ್ನು ಹೀಗಳೆಯುವವರ ಜೊತೆ ನಾನು ಸೇರುವುದಿಲ್ಲ. ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈಚಾಚುವುದು ತಪ್ಪಿದರೆ ಅದು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಕಾಲಕಾಲಕ್ಕೆ ಸ್ವಯಂಘೋಷಣೆ ಕೊಡಬೇಕು: ನನಗೆ ಇನ್ನೂ ಕೆಲಸ ಸಿಕ್ಕಿಲ್ಲ ಎಂದು. ಎಂ.ಕಾಂ. ಮುಗಿಸಿದ ಹುಡುಗಿ ನನ್ನ ಪಕ್ಕ ಕೂತು ಆ ಗುಂಡಿ ಒತ್ತುವಾಗ ನಾನು ಪರದೆಯ ಕಡೆ ನೋಡುವುದಿಲ್ಲ.

ಎರಡನೆಯ ದಾರಿ ಹಾಸನದ ಜವಳಿ ಕಾರ್ಖಾನೆಗಳು. ಬೆಳಿಗ್ಗೆ ಹಳ್ಳಿಹಳ್ಳಿಗೆ ಬಸ್ಸು ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತದೆ. ಪಿಎಫ್ ಇದೆ, ಇಎಸ್‌ಐ ಇದೆ, ಸಂಬಳ ಬ್ಯಾಂಕಿಗೆ ಬರುತ್ತದೆ. ನಮ್ಮ ಸುತ್ತಿನ ಎಷ್ಟು ಮನೆಗಳ ಸಾಲ ಈ ಹೆಣ್ಣುಮಕ್ಕಳ ದುಡಿಮೆಯಿಂದ ತೀರಿದೆ ಎಂಬುದನ್ನು ಯಾವ ರಾಜಕಾರಣಿಯೂ ವೇದಿಕೆಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತ ಪದವೀಧರೆಗೆ ಹತ್ತು ವರ್ಷದ ಮೇಲೆ ಮೇಲ್ವಿಚಾರಕಿಯಾಗುವ ದಾರಿ ಇದೆಯೇ? ಗುಣಮಟ್ಟ ವಿಭಾಗಕ್ಕೆ, ಲೆಕ್ಕಪತ್ರಕ್ಕೆ, ವಿನ್ಯಾಸಕ್ಕೆ ನಮ್ಮ ಮಕ್ಕಳನ್ನು ತೆಗೆದುಕೊಳ್ಳುತ್ತಾರೆಯೇ? ಊರು ಕೇಳಬೇಕಾದದ್ದು ಇದನ್ನು.

ಮೂರನೆಯದು ಪ್ರವಾಸೋದ್ಯಮ. ಇಲ್ಲಿ ನನಗೆ ಹೇಳಲು ಬಹಳ ಇದೆ, ಏಕೆಂದರೆ ಅದರ ನಟ್ಟನಡುವೆ ಬದುಕುತ್ತಿದ್ದೇನೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಾವೆಲ್ಲರೂ ಸಂಭ್ರಮಪಟ್ಟೆವು. ಈಗ ಏನಾಗುತ್ತಿದೆ? ಬೆಂಗಳೂರಿನ ಕಾರು ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ರಾತ್ರಿ ಕಳೆಯುತ್ತದೆ, ಬೆಳಿಗ್ಗೆ ಮುಳ್ಳಯ್ಯನಗಿರಿ ನೋಡುತ್ತದೆ, ಹೋಗುವ ದಾರಿಯಲ್ಲಿ ಬೇಲೂರಿನಲ್ಲಿ ಎರಡು ಗಂಟೆ ನಿಂತು ಹೊರಟುಹೋಗುತ್ತದೆ. ಶಿಲ್ಪ ಹಾಸನ ಜಿಲ್ಲೆಯದು, ಕೋಣೆ ಚಿಕ್ಕಮಗಳೂರು ಜಿಲ್ಲೆಯದು, ಪ್ರವಾಸಿ ಒಬ್ಬನೇ. ಅವನಿಗೆ ಜಿಲ್ಲೆಯ ಗಡಿ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಹೀಗಿರುವಾಗ ಎರಡು ಜಿಲ್ಲೆಯ ಪ್ರವಾಸೋದ್ಯಮಕ್ಕೆ ಒಂದೇ ಯೋಜನೆ ಯಾಕಿಲ್ಲ? ಇತಿಹಾಸ ಓದಿದ ನಮ್ಮ ಹುಡುಗ ಹುಡುಗಿಯರಿಗೆ ಇಂಗ್ಲಿಷ್, ಹಿಂದಿ, ತಮಿಳು ಕಲಿಸಿ, ಇಲಾಖೆಯ ಗುರುತಿನ ಚೀಟಿ ಕೊಟ್ಟು, ಬೇಲೂರಿನಿಂದ ಬೆಳವಾಡಿ, ಅಮೃತಪುರದವರೆಗೆ ಗೈಡ್‌ಗಳನ್ನಾಗಿ ಮಾಡಲು ಏನು ಅಡ್ಡಿ? ಬೆಳವಾಡಿಯೂ ಅಮೃತಪುರವೂ ಚಿಕ್ಕಮಗಳೂರು ಜಿಲ್ಲೆಯ ಹೊಯ್ಸಳ ದೇಗುಲಗಳೇ. ಹೊಯ್ಸಳರಿಗೆ ಇಲ್ಲದ ಗಡಿ ನಮಗೇಕೆ?

ಹೋಂಸ್ಟೇ ಕೆಲಸದ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ವಾರಾಂತ್ಯದಲ್ಲಿ ಬಿಡುವಿಲ್ಲದ ದುಡಿಮೆ, ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮನೆಗೆ. ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ. ಒಬ್ಬನೇ ಹುಡುಗ ಅಡುಗೆಯವನು, ಚಾಲಕ, ಕಾವಲುಗಾರ ಮೂರೂ ಆಗಿರುತ್ತಾನೆ. ಚೆನ್ನಾಗಿ ನೋಡಿಕೊಳ್ಳುವ ಮಾಲೀಕರಿದ್ದಾರೆ, ನಾನು ಬಲ್ಲೆ. ಆದರೆ ಮಾಲೀಕರ ಒಳ್ಳೆಯತನದ ಮೇಲೆ ನಿಂತದ್ದನ್ನು ಉದ್ಯೋಗ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಾಫಿ. ಇದು ಎರಡೂ ಜಿಲ್ಲೆಯ ನಿಜವಾದ ಆಸ್ತಿ. ಕೊಡಗಿನ ಜೊತೆ ಸೇರಿ ನಾವು ದೇಶದ ಕಾಫಿಯ ಸುಮಾರು ಶೇ 70ರಷ್ಟನ್ನು ಬೆಳೆಯುತ್ತೇವೆ. ಬೆಲೆ ಹಿಂದೆಂದೂ ಕಾಣದಷ್ಟು ಏರಿದ ವರ್ಷಗಳನ್ನೂ ನೋಡಿದೆವು. ತೋಟದ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರಿದ್ದಾರೆ. ಅವರ ಮೇಲೆ ಸಿಟ್ಟು ಮಾಡುವವರಿಗೆ ನನ್ನದೊಂದು ವಿನಂತಿ: ಅವರ ಊರಿನಲ್ಲಿ ಕೆಲಸವಿಲ್ಲದ್ದಕ್ಕೇ ಅವರು ಇಲ್ಲಿಗೆ ಬಂದರು, ನಮ್ಮ ಹುಡುಗರು ಬೆಂಗಳೂರಿನ ಲಗ್ಗೆರೆಗೂ ದಾಸರಹಳ್ಳಿಗೂ ಹೋದ ಹಾಗೆ. ಅಪ್ಪ ಅಮ್ಮ ಬೆನ್ನು ಬಗ್ಗಿಸಿ ಹಣ್ಣು ಕೊಯ್ದು ಓದಿಸಿದ ಮಗ ಮತ್ತೆ ಅದೇ ಹಣ್ಣು ಕೊಯ್ಯಲು ಒಪ್ಪದಿದ್ದರೆ ಅದನ್ನು ಸೋಮಾರಿತನ ಎನ್ನಬೇಡಿ. ಕಾಫಿಯಲ್ಲಿ ಕೊಯ್ಲಿನ ಆಚೆ ಎಷ್ಟು ಕೆಲಸವಿದೆ ನೋಡಿ: ಸಂಸ್ಕರಣೆ, ಹುರಿಯುವುದು, ರುಚಿ ಪರೀಕ್ಷೆ, ಪ್ಯಾಕಿಂಗ್, ರಫ್ತು, ಆನ್‌ಲೈನ್ ಮಾರಾಟ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಇತಿಹಾಸ 1925ರಿಂದ ಶುರುವಾಗುತ್ತದೆ. ಕಾಫಿ ಮಂಡಳಿ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಕಾಫಿ ನಾಡಿನ ನನ್ನ ಅಂಗಡಿಯಲ್ಲಿ ಆ ಕೋರ್ಸಿಗೆ ಅರ್ಜಿ ತುಂಬಿಸಿಕೊಂಡವರು ಯಾರೂ ನೆನಪಿಗೆ ಬರುವುದಿಲ್ಲ. ಮಕ್ಕಳಿಗೆ ಯಾರೂ ಹೇಳಿಲ್ಲ. ಕೆಫೆ ಕಾಫಿ ಡೇ ಕಟ್ಟಿದ ವಿ.ಜಿ. ಸಿದ್ಧಾರ್ಥ ಇದೇ ಮಣ್ಣಿನಿಂದ ಎದ್ದು ಕಾಫಿಯನ್ನು ಅಂಗಡಿಯವರೆಗೆ ಒಯ್ದರು, ಮಲೆನಾಡಿನ ಬಹಳ ಮಕ್ಕಳಿಗೆ ಕೆಲಸ ಕೊಟ್ಟರು. 2019ರಲ್ಲಿ ಅವರು ತೀರಿಕೊಂಡ ಮೇಲೆ ನಾವು ಅತ್ತೆವು. ಒಬ್ಬ ವ್ಯಕ್ತಿಯ ಮೇಲೆ ಅಷ್ಟು ಮನೆಗಳ ಭರವಸೆ ನಿಂತಿತ್ತು ಎಂಬುದನ್ನು ಆಮೇಲಾದರೂ ಎರಡು ಜಿಲ್ಲೆಗಳು ಕೂತು ಯೋಚಿಸಬೇಕಿತ್ತು.

ಒಂದರ ಮೇಲೇ ಭರವಸೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲೂ ನೋಡಿದೆವು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಭದ್ರಾ ನದಿಗೂ ಕಾಡಿಗೂ ಅದು ಬೇಕೇ ಇತ್ತು, ನಾನು ಆ ತೀರ್ಪಿನ ಪರ. ಆದರೆ ಗಣಿ ಮುಚ್ಚಿದ ಮೇಲೆ ಆ ಭಾಗದ ಹುಡುಗರು ಏನು ಮಾಡಬೇಕು ಎಂಬ ಪ್ರಶ್ನೆಗೆ ಇಲ್ಲಿಯವರೆಗೆ ಉತ್ತರವಿಲ್ಲ.

ಉಳಿದ ದಾರಿ ಬೆಂಗಳೂರು. ಭಾನುವಾರ ರಾತ್ರಿಯ ಬಸ್ಸಿನಲ್ಲಿ ಚಿಕ್ಕಮಗಳೂರಿನವನು ಕಿಟಕಿ ಪಕ್ಕ ಇದ್ದರೆ ಹಾಸನದವನು ಅವನ ಹೆಗಲಿಗೆ ಒರಗಿ ನಿದ್ದೆ ಮಾಡುತ್ತಾನೆ. ಅಲ್ಲಿ ಒಂದೇ ಕೋಣೆಯನ್ನು ಹಂಚಿಕೊಳ್ಳುತ್ತಾರೆ, ಒಂದೇ ಆ್ಯಪಿನ ಊಟ ಹಂಚುತ್ತಾರೆ. ಊರಿಗೆ ಬಂದಾಗ ಮಾತ್ರ ಇಬ್ಬರೂ ಮೊಬೈಲಿನಲ್ಲಿ ಶತ್ರುಗಳು.

ಈ ಸಿಟ್ಟು ಯಾರಿಗೆ ಬೇಕು? ಬೈಕ್ ರ‍್ಯಾಲಿಗೆ ಪೆಟ್ರೋಲ್ ಹಾಕಿಸುವವರಿಗೆ ಬೇಕು. ಪಕ್ಷ ಯಾವುದಾದರೂ ಆಗಲಿ, ಬಾವುಟದ ಬಣ್ಣ ಯಾವುದಾದರೂ ಆಗಲಿ, ಹಿಂದೆ ಕೂಗಲು ಬರುವುದು ಕೆಲಸವಿಲ್ಲದ ಹುಡುಗರೇ. ಕೇಸು ಬಿದ್ದರೆ ಹೆಸರು ಅವರದೇ. ಪೊಲೀಸ್ ಪರಿಶೀಲನೆಯಲ್ಲಿ ಅದೇ ಕೇಸು ಎದ್ದುಬಂದು ಕೈಗೆ ಬಂದ ನೌಕರಿ ಹೋಗುತ್ತದೆ. ಅಂಥ ತಾಯಂದಿರು ದಾಖಲೆ ಹಿಡಿದು ನನ್ನ ಅಂಗಡಿಗೆ ಬಂದಿದ್ದಾರೆ. 2023ರಲ್ಲಿ ಮಂಡ್ಯದ ಕಡೆಯ ಯುವಕರು ಮದುವೆಗೆ ಹೆಣ್ಣು ಸಿಗುತ್ತಿಲ್ಲ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಅರಕಲಗೂಡಿನಲ್ಲೂ ಆಲೂರಿನಲ್ಲೂ ಕಡೂರಿನಲ್ಲೂ ಅದೇ ಹುಡುಗರಿದ್ದಾರೆ. ಹೆಣ್ಣುಮಕ್ಕಳು ದುಡಿಮೆಯ ಭದ್ರತೆ ಕೇಳುವುದರಲ್ಲೂ ತಪ್ಪಿಲ್ಲ.

ಯಾರನ್ನು ಕೇಳುವುದು ಎಂದು ನೀವು ಕೇಳಬಹುದು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಹತ್ತಿರದಲ್ಲಿ ಹಿಡಿದು ಕೇಳುವ ಪ್ರತಿನಿಧಿಯನ್ನೇ ನಮ್ಮಿಂದ ಕಿತ್ತುಕೊಂಡರು. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಯನ್ನು 2024ರ ಜುಲೈನಲ್ಲಿ ಸಂಪುಟ ಒಪ್ಪಿತು, ಕಂಪನಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿಯಿತು. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಬೇಕೆಂದ ಸರೋಜಿನಿ ಮಹಿಷಿ ವರದಿ 1986ರದು.

ಆದರೂ ಒಂದು ಹಿಡಿ ನಮ್ಮ ಕೈಯಲ್ಲಿದೆ. ರಾಜ್ಯದ 2020–25ರ ಕೈಗಾರಿಕಾ ನೀತಿಯಲ್ಲೇ ಒಂದು ಷರತ್ತು ಇತ್ತು: ಸರ್ಕಾರದ ರಿಯಾಯಿತಿ ಪಡೆಯುವ ಕೈಗಾರಿಕೆ ಒಟ್ಟು ಉದ್ಯೋಗದಲ್ಲಿ ಶೇ 70, ಡಿ ದರ್ಜೆಯಲ್ಲಿ ಶೇ 100 ಕನ್ನಡಿಗರಿಗೆ ಕೊಡಬೇಕು. ಹಾಗಾದರೆ ನಮ್ಮ ಎರಡು ಜಿಲ್ಲೆಗಳಲ್ಲಿ ರಿಯಾಯಿತಿ ಪಡೆದವರು ಯಾರು, ಅವರಲ್ಲಿ ಎಷ್ಟು ಕನ್ನಡಿಗರು ಯಾವ ದರ್ಜೆಯಲ್ಲಿದ್ದಾರೆ? ಇದು ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕೇಳಬಹುದಾದ ಪ್ರಶ್ನೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು.

ನಾನು ಅದನ್ನು 150 ಪದದೊಳಗೆ ಟೈಪ್ ಮಾಡಿ ಇಟ್ಟಿದ್ದೇನೆ. ಎರಡು ಪ್ರತಿ, ಒಂದು ಹಾಸನದ ಕಚೇರಿಗೆ, ಇನ್ನೊಂದು ಚಿಕ್ಕಮಗಳೂರಿನ ಕಚೇರಿಗೆ. ಹಾಸನದ ಹುಡುಗರು ಚಿಕ್ಕಮಗಳೂರಿನ ಅರ್ಜಿಗೂ, ಚಿಕ್ಕಮಗಳೂರಿನವರು ಹಾಸನದ ಅರ್ಜಿಗೂ ಸಹಿ ಹಾಕಬೇಕೆಂದು ನನ್ನ ಆಸೆ. ಮುದ್ರಣಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಭಾನುವಾರವೂ ಮಧ್ಯಾಹ್ನದವರೆಗೆ ಅಂಗಡಿ ತೆರೆದಿರುತ್ತದೆ.