ಜೆರಾಲ್ಡ್‌ನ ಉಂಗುರ

ಮಗಳಿಗೆ ಈ ವರ್ಷ ಜಿಸಿಎಸ್‌ಇ ಪರೀಕ್ಷೆ. ಇಂಗ್ಲೆಂಡಿನ ಎಸ್ಸೆಸ್ಸೆಲ್ಸಿ ಅಂದುಕೊಳ್ಳಿ. ಜೆ.ಬಿ. ಪ್ರೀಸ್ಟ್ಲಿಯ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕ ಪಠ್ಯದಲ್ಲಿದೆ. ವಿರುದ್ಧ ಸ್ವಭಾವದ ಪಾತ್ರಗಳಿಂದ ನಾಟಕಕಾರ ಸಾಮಾಜಿಕ ಹೊಣೆಯನ್ನು ಹೇಗೆ ತೋರಿಸುತ್ತಾನೆ ಅನ್ನೋದು ಪ್ರಶ್ನೆ. ಒಂದು ಕಡೆ ಫ್ಯಾಕ್ಟರಿ ಮಾಲೀಕ ಬರ್ಲಿಂಗ್, ಇನ್ನೊಂದು ಕಡೆ ಇನ್‌ಸ್ಪೆಕ್ಟರ್ ಗೂಲ್ ಅಂತ ಅವಳೂ ಶುರುಮಾಡಿದ್ದಳು.

ಅದು ತೀರಾ ಸುಲಭದ ಜೋಡಿ. ನಾಟಕ ನಡೆಯುವುದು 1912ರಲ್ಲಿ, ಮೊದಲು ರಂಗಕ್ಕೆ ಬಂದದ್ದು 1945ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ. ಟೈಟಾನಿಕ್ ಮುಳುಗೋದೇ ಇಲ್ಲ, ಯುದ್ಧ ಆಗೋದೇ ಇಲ್ಲ ಅಂತಾನೆ ಬರ್ಲಿಂಗ್. ಎರಡೆರಡು ಯುದ್ಧ ಕಂಡ ಜನರ ಮುಂದೆ ಈ ಮಾತು! ಬಾಯಿ ಬಿಟ್ಟರೆ ಬಣ್ಣಗೇಡು. ತಾನಾಯಿತು, ತನ್ನವರಾಯಿತು ಅಂತ ಇದ್ದರೆ ಸಾಕು ಅಂತ ಉಪದೇಶ ಮಾಡುತ್ತಿರುವಾಗಲೇ ಬಾಗಿಲ ಗಂಟೆ ಬಾರಿಸುತ್ತದೆ. ಅಂಥವನನ್ನು ನೋಡಿ ನಕ್ಕುಬಿಡಬಹುದು. ನಾವು ಅವನಲ್ಲ ಅಂತ ಆರಾಮಾಗಿ ಕೂರಬಹುದು.

ಬಂದವನು ಇನ್‌ಸ್ಪೆಕ್ಟರ್, ಒಬ್ಬ ಹುಡುಗಿಯ ಆತ್ಮಹತ್ಯೆಯ ವಿಚಾರಣೆಗೆ. ಸತ್ತವಳು ಈವಾ ಸ್ಮಿತ್, ಬರ್ಲಿಂಗ್‌ನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವಳು. ವಾರಕ್ಕೆ ಇಪ್ಪತ್ತೆರಡೂವರೆ ಶಿಲ್ಲಿಂಗ್ ಬರುತ್ತಿತ್ತು, ಇಪ್ಪತ್ತೈದು ಕೇಳಿದಳು. ಬರ್ಲಿಂಗ್ ಕೆಲಸದಿಂದ ತೆಗೆದ. ಅವನ ಮಗಳು ಶೀಲಾ ಅಂಗಡಿಯಲ್ಲಿ ಸುಮ್ನೆ ಒಂದು ಸಿಟ್ಟಿಗೆ ಅವಳ ಇನ್ನೊಂದು ಕೆಲಸವನ್ನೂ ಕಳೆದಳು. ಬಸುರಿಯಾಗಿ ಸಹಾಯ ಕೇಳಲು ಬಂದಾಗ ಬರ್ಲಿಂಗ್‌ನ ಹೆಂಡತಿ ವಾಪಸ್ ಕಳಿಸಿದಳು. ಆ ಮಗುವಿನ ಅಪ್ಪನನ್ನೇ ಹಿಡಿದು ಶಿಕ್ಷಿಸಬೇಕು ಅಂತ ಆಕೆ ಗುಡುಗುತ್ತಾಳೆ. ಅಪ್ಪ ಯಾರು? ಅವಳದೇ ಮಗ ಎರಿಕ್. ಇಷ್ಟೆಲ್ಲ ಆದರೂ ಈವಾ ಒಮ್ಮೆಯೂ ರಂಗದ ಮೇಲೆ ಬರುವುದಿಲ್ಲ.

ತಾಯಿ–ಮಗಳದು ಒಳ್ಳೆಯ ಜೋಡಿ. ಇಬ್ಬರೂ ತಪ್ಪು ಮಾಡಿದವರೇ. ಒಬ್ಬಳು ಒಪ್ಪಿಕೊಳ್ಳುತ್ತಾಳೆ, ಇನ್ನೊಬ್ಬಳಿಗೆ ತಾನು ಮಾಡಿದ್ದೇ ಸರಿ. ಆದರೆ ನನ್ನನ್ನು ಕಾಡಿದ್ದು ಶೀಲಾಳನ್ನು ಮದುವೆಯಾಗಬೇಕಿದ್ದ ಜೆರಾಲ್ಡ್. ಈವಾಗೆ ಇರಲು ಜಾಗ, ಕೈಗೆ ದುಡ್ಡು ಕೊಟ್ಟವನು ಅವನು. ಪ್ರೀತಿಯಿಂದಲೂ ನೋಡಿಕೊಂಡ. ತನಗೆ ಸಾಕು ಅನಿಸಿದಾಗ ಬಿಟ್ಟ. ಸಾವಿನ ಸುದ್ದಿ ಕೇಳಿ ನಿಜವಾಗಿಯೂ ನೊಂದುಕೊಳ್ಳುತ್ತಾನೆ. ಹೊರಗೆ ಹೋಗಿ ಸುತ್ತಾಡಿ ಬಂದವನು, ಇಂಥ ಹೆಸರಿನ ಇನ್‌ಸ್ಪೆಕ್ಟರೇ ಊರಲ್ಲಿಲ್ಲ ಅಂತ ಪತ್ತೆ ಮಾಡಿಕೊಂಡು ಬರುತ್ತಾನೆ. ಆಸ್ಪತ್ರೆಗೆ ಫೋನ್ ಮಾಡುತ್ತಾನೆ. ಯಾರೂ ಸತ್ತಿಲ್ಲ! ತಕ್ಷಣ, ಅವಳು ವಾಪಸ್ ಕೊಟ್ಟಿದ್ದ ನಿಶ್ಚಿತಾರ್ಥದ ಉಂಗುರ ಹಿಡಿದು ಶೀಲಾಳ ಮುಂದೆ ನಿಲ್ಲುತ್ತಾನೆ, ಎಲ್ಲ ಸರಿಹೋಯ್ತಲ್ಲ ಅಂತ. ಶೀಲಾ ತೊಡುವುದಿಲ್ಲ, ಯೋಚನೆ ಮಾಡಬೇಕು ಅಂತಾಳೆ. ಹುಡುಗಿ ಸತ್ತಿರಲಿ ಬಿಡಲಿ, ನಾವು ಮಾಡಿದ್ದು ಮಾಡಿದ್ದೇ ಅನ್ನೋದು ಅವಳ ಮತ್ತು ಎರಿಕ್‌ನ ಮಾತು. ನನ್ನ ಪ್ರಕಾರ ಇಡೀ ನಾಟಕ ಇರೋದು ಆ ಉಂಗುರದಲ್ಲಿ. ಆಮೇಲೆ, ಒಬ್ಬ ಹುಡುಗಿ ಈಗಷ್ಟೇ ಸತ್ತಳು, ಇನ್‌ಸ್ಪೆಕ್ಟರ್ ಬರುತ್ತಿದ್ದಾರೆ ಅಂತ ಬರುವ ಫೋನ್ ಕರೆ ನಾಟಕೀಯ, ನಿಜ. ಅದಿಲ್ಲದಿದ್ದರೂ ನಡೆಯುತ್ತಿತ್ತು.

ಇದನ್ನೆಲ್ಲ ಮಗಳಿಗೆ ದೊಡ್ಡದಾಗಿ ಹೇಳುತ್ತಿದ್ದೆ. ನಡುವೆ ಬರ್ಲಿಂಗ್‌ನ ಒಂದು ಮಾತು ಓದಿದಳು: ಆ ಸಂಬಳ ಸಾಲದಿದ್ದರೆ ಬೇರೆ ಕಡೆ ಹೋಗಿ ಕೆಲಸ ಮಾಡಲಿ. ನನ್ನ ಬಾಯಿ ಕಟ್ಟಿತು.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅಮ್ಮನ ಮನೆಗೆಲಸಕ್ಕೆ ಬರುತ್ತಿದ್ದವರು ತಿಂಗಳಿಗೆ ಐನೂರು ರೂಪಾಯಿ ಜಾಸ್ತಿ ಕೇಳಿದ್ದರು. ‘ಆಗಲ್ಲ ಅಂದ್ರೆ ಬೇರೆ ಮನೆ ನೋಡಿಕೊಳ್ಳಲಿ ಬಿಡಮ್ಮ’ ಅಂತ ಇಲ್ಲಿಂದಲೇ ಫೋನಿನಲ್ಲಿ ಅಂದಿದ್ದೆ. ಹಬ್ಬಕ್ಕೆ ಸೀರೆ ಕೊಡುತ್ತಿದ್ದೆವು. ಅವರ ಮಗನ ಫೀಸಿಗೆ ಒಮ್ಮೆ ದುಡ್ಡೂ ಕೊಟ್ಟಿದ್ದೆ. ಒಳ್ಳೆಯವರೇ ನಾವು, ಜೆರಾಲ್ಡ್‌ನಷ್ಟು.

ಅವರು ಈಗ ಎಲ್ಲಿದ್ದಾರೆ ಅಂತ ಅಮ್ಮನನ್ನು ಕೇಳಬೇಕು ಅಂದುಕೊಂಡು ಎರಡು ವಾರ ಆಯಿತು. ದಿನಾ ಫೋನ್ ಮಾಡುತ್ತೇನೆ. ಇನ್ನೂ ಕೇಳಿಲ್ಲ.