ಮಾರ್ಚ್ ತಿಂಗಳಲ್ಲಿ ಕಾಂಡ್ಲಾ ನೆಡುವ ಮಹಾನುಭಾವರಿಗೆ

ನವಿ ಮುಂಬಯಿಯ ಐರೋಲಿ ಕಡೆಯ ಖಾಡಿಯಲ್ಲಿ, ಅಂದರೆ ಸಮುದ್ರದ ನೀರು ಒಳನುಗ್ಗುವ ಅಳಿವೆಯಲ್ಲಿ, ಇವತ್ತು ಬೆಳಗ್ಗೆ ಮತ್ತೆ ಅದೇ ಜಾತ್ರೆ. ಒಂದೇ ಬಣ್ಣದ ಟೀ-ಶರ್ಟು, ಹೊಸ ಗಮ್‌ಬೂಟು, ಹಿಂದೆ ಫ್ಲೆಮಿಂಗೊ ಚಿತ್ರದ ಫ್ಲೆಕ್ಸು, ತಲೆ ಮೇಲೆ ಡ್ರೋನು. ದೊಡ್ಡ ಕಂಪನಿಯ ಯಜಮಾನರು ಖುದ್ದು ಕೆಸರಿಗಿಳಿದು ಕಾಂಡ್ಲಾ ನೆಟ್ಟರು. (ಕಾಂಡ್ಲಾ ಅಂದರೆ ಕಡಲಂಚಿನ ಉಪ್ಪುನೀರಿನ ಮ್ಯಾಂಗ್ರೋವ್ ಗಿಡ, ಇಲ್ಲಿಯವರ ಬಾಯಲ್ಲಿ ಖಾರ್‌ಫುಟಿ. ಊರಿನ ಅಳಿವೆ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ.) ಹೆಸರು ಬೇಡ. ಮಾರ್ಚ್ ಬಂತೆಂದರೆ ಇಂಥವರು ಒಬ್ಬರಲ್ಲ.

ಮಾರ್ಚೇ ಯಾಕೆ? ಗಿಡಕ್ಕೇನೂ ಮಾರ್ಚ್ ಮೇಲೆ ಪ್ರೀತಿಯಿಲ್ಲ. ಪ್ರೀತಿ ಇರುವುದು ಲೆಕ್ಕಪತ್ರ ವಿಭಾಗಕ್ಕೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚಾಗಬೇಕು. ಉಳಿದರೆ ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು, ಆಗ ಫೋಟೊ ಇಲ್ಲ. ಹಾಗಾಗಿ ಮಾರ್ಚ್ 31ರೊಳಗೆ ಎಲ್ಲಾದರೂ ಏನಾದರೂ ನೆಡಬೇಕು. ಕಾಂಡ್ಲಾದ ಪಂಚಾಂಗವೇ ಬೇರೆ. ತಿವರ ಎಂಬ ಕಾಂಡ್ಲಾ ಜಾತಿಯ ಬೀಜ ಮಾಗುವುದು ಮಳೆಗಾಲದಲ್ಲಿ. ಮಳೆನೀರು ಬೆರೆತು ಉಪ್ಪು ಇಳಿದು ಮಣ್ಣು ಮೆತ್ತಗಾದಾಗ ಎಳೆ ಬೇರು ಹಿಡಿಯುತ್ತದೆ. ಮಾರ್ಚಿನಲ್ಲಿ ಉಪ್ಪೂ ಏರುತ್ತದೆ, ಬಿಸಿಲೂ ಏರುತ್ತದೆ. ಮದುವೆ ಮುಗಿದ ಮೇಲೆ ವಾಲಗದವರನ್ನು ಕರೆದ ಹಾಗೆ.

ಹೊತ್ತಾದರೂ ಹೋಗಲಿ, ಜಾಗ? ಅಮಾವಾಸ್ಯೆ, ಹುಣ್ಣಿಮೆಗೆ ಮುಂಬಯಿಯಲ್ಲಿ ಇಳಿತ ಬೆಳಗ್ಗೆ ಆರೇಳರ ಆಸುಪಾಸು, ಭರತ ಮಧ್ಯಾಹ್ನದ ಸುಮಾರಿಗೆ. ಬೆಳಗ್ಗೆ ಬಂದವರಿಗೆ ಖಾಲಿ ಬಯಲು ಕಾಣುತ್ತದೆ. "ಅಯ್ಯೋ, ಇಷ್ಟು ಜಾಗ ಪಾಳು ಬಿದ್ದಿದೆಯಲ್ಲ!" ಪಾಳಲ್ಲ ಮಾರಾಯ್ರೆ, ಅದು ಕೆಸರುಬಯಲು, ಹಕ್ಕಿಗಳ ಊಟದ ಎಲೆ. ಕಾಂಡ್ಲಾ ನಿಲ್ಲುವುದು ಸಮುದ್ರದ ಸರಾಸರಿ ಮಟ್ಟದಿಂದ ದೊಡ್ಡ ಭರತದ ಗೆರೆಯವರೆಗಿನ ಮೇಲ್ಪಟ್ಟಿಯಲ್ಲಿ. ಅದಕ್ಕಿಂತ ಕೆಳಗೆ ನೆಟ್ಟರೆ ಗಿಡ ದಿನದ ಬಹುಪಾಲು ನೀರೊಳಗೇ ಇರುತ್ತದೆ. ಕಾಂಡಕ್ಕೆ ಬಾರ್ನಕಲ್ ಚಿಪ್ಪು ಕಚ್ಚುತ್ತದೆ, ಪಾಚಿ ಸುತ್ತುತ್ತದೆ, ಭಾರಕ್ಕೆ ಬಾಗಿ ಮಲಗುತ್ತದೆ. ಅಲ್ಲಿ ಬೆಳೆಯುವ ಹಾಗಿದ್ದರೆ ಯಾರನ್ನೂ ಕೇಳದೆ ತಾನೇ ಬೆಳೆಯುತ್ತಿತ್ತು. ಫ್ಲೆಮಿಂಗೊ ಬಂದು ಮೇಯುವ ತಿಂಗಳಲ್ಲಿ, ಅದು ಮೇಯುವ ಬಯಲಿನಲ್ಲೇ, ಅದರದೇ ಚಿತ್ರ ಕಟ್ಟಿಕೊಂಡು ಕಡ್ಡಿ ಊರುವುದಕ್ಕೆ ಯಾವ ಪ್ರಶಸ್ತಿ ಕೊಡೋಣ?

ನೆಡುವ ಕೈಯನ್ನೂ ನೋಡಬೇಕಿತ್ತು. ನುಗ್ಗೆಕಾಯಿಯ ಹಾಗೆ ನೇತಾಡುವ ಕಾಂಡ್ಲಾದ ಮೊಳಕೆ ಇದೆಯಲ್ಲ, ಅದರ ಚೂಪು ತುದಿ ಕೆಳಗಾಗಿ ಮೂರನೇ ಒಂದು ಭಾಗ ಮಾತ್ರ ಕೆಸರಿಗೆ ಹೋಗಬೇಕು, ಮೊಗ್ಗಿನ ತುದಿ ಮೇಲಿರಬೇಕು. ಕೆಲವರು ತಲೆಕೆಳಗು ಊರಿದ್ದಾರೆ. ನರ್ಸರಿ ಗಿಡಗಳ ಪಾಲಿಥಿನ್ ಚೀಲ ಬಿಚ್ಚದೆ ಹೂತವರೂ ಇದ್ದಾರೆ. ಬಿಚ್ಚಿದವರು ಚೀಲವನ್ನು ಅಲ್ಲೇ ಬಿಟ್ಟಿದ್ದಾರೆ.

"ಏನೋ ಒಂದು ಮಾಡ್ತಿದ್ದಾರಲ್ಲ, ನಿಮಗೆ ಅದೂ ತಪ್ಪಾ?" ಅನ್ನುವವರು ಈಗ ಬಂದೇ ಬರುತ್ತೀರಿ. ಕೆಸರುಬಯಲನ್ನು ಹಾಳುಮಾಡುವುದು "ಏನೋ ಒಂದು" ಅಲ್ಲ ಸ್ವಾಮಿ, ಸೊನ್ನೆಗಿಂತ ಕೆಳಗೆ.

ಸಿರಿವಂತರ ದುಡ್ಡೇ ಬೇಡ ಅನ್ನುವ ಗುಂಪಿನವನೂ ನಾನಲ್ಲ. ನಿಜ ಹೇಳಬೇಕೆಂದರೆ ಡಗ್ಲಸ್ ಟಾಂಪ್ಕಿನ್ಸ್ ಹೆಸರು ಕೇಳಿದರೆ ನನಗೆ ಹೊಟ್ಟೆಕಿಚ್ಚು. ನಾರ್ತ್ ಫೇಸ್ ಬಟ್ಟೆ ಕಂಪನಿ ಕಟ್ಟಿದ ಮನುಷ್ಯ, 1990ರ ದಶಕದಿಂದ ಚಿಲಿ, ಅರ್ಜೆಂಟೀನಾದಲ್ಲಿ ಕಾಡು, ಹುಲ್ಲುಗಾವಲು ಕೊಳ್ಳುತ್ತಾ ಹೋದ. ದೇಶವನ್ನೇ ಎರಡು ತುಂಡು ಮಾಡಲು ಬಂದವನು ಅಂತ ಚಿಲಿಯವರು ಬೈದರು. ಅವನೂ ಹೆಂಡತಿ ಕ್ರಿಸ್ಟೀನ್ ಕೂಡ ಜಾಗ ಬಿಟ್ಟು ಕದಲಲಿಲ್ಲ. ಚಿಲಿಯ ಪ್ಯಾಟಗೋನಿಯಾ ಸೀಮೆಯಲ್ಲಿ ಕುರಿ ಮೇಯುತ್ತಿದ್ದ ಚಕಬುಕೊ ಕಣಿವೆಯಲ್ಲಿ ನೂರಾರು ಕಿಲೋಮೀಟರ್ ತಂತಿಬೇಲಿ ಕಿತ್ತರು. ಅವನು 2015ರಲ್ಲಿ ಕಯಾಕ್ ಮಗುಚಿ ಸತ್ತ. 2018ರಲ್ಲಿ ಕ್ರಿಸ್ಟೀನ್ ಸುಮಾರು 10 ಲಕ್ಷ ಎಕರೆಯನ್ನು ರಾಷ್ಟ್ರೀಯ ಉದ್ಯಾನಗಳಿಗೆಂದು ಚಿಲಿ ಸರ್ಕಾರಕ್ಕೆ ಒಪ್ಪಿಸಿದರು, ಸರ್ಕಾರ ತನ್ನದು ಸುಮಾರು 90 ಲಕ್ಷ ಎಕರೆ ಸೇರಿಸಿತು. ಮೊದಲ ಖರೀದಿಯಿಂದ ಅಲ್ಲಿಗೆ ಕಾಲು ಶತಮಾನ. ಮೊಜಾಂಬಿಕ್‌ನ ಗೊರೊಂಗೋಸಾ ರಾಷ್ಟ್ರೀಯ ಉದ್ಯಾನಕ್ಕೆ ಅಮೆರಿಕದ ಸಿರಿವಂತ ಗ್ರೆಗ್ ಕಾರ್ 2008ರಲ್ಲಿ ಸರ್ಕಾರದ ಜೊತೆ ಮಾಡಿಕೊಂಡ ಕರಾರು 20 ವರ್ಷದ್ದು. ಸೀಶೆಲ್ಸ್‌ನದು ಇನ್ನೂ ಜಾಣ ಲೆಕ್ಕ: 2016ರಲ್ಲಿ ಒಂದು ಸಂರಕ್ಷಣಾ ಸಂಸ್ಥೆ ದಾನಿಗಳ ದುಡ್ಡು ಸೇರಿಸಿ, ದೇಶ ಹೊರಗಿನವರಿಗೆ ತೀರಿಸಬೇಕಿದ್ದ ಸುಮಾರು 2.1 ಕೋಟಿ ಡಾಲರ್ ಸಾಲವನ್ನು ಕೊಂಡುಕೊಂಡಿತು. ಈಗ ಮರುಪಾವತಿಯ ಒಂದು ಪಾಲು ಸ್ಥಳೀಯ ಟ್ರಸ್ಟಿಗೆ ಹೋಗಿ ವರ್ಷವರ್ಷವೂ ಕಡಲ ಕೆಲಸಕ್ಕೆ ಒದಗುತ್ತದೆ.

ಎಡವಿದ್ದೂ ಇದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಸುತ್ತ 2010ರಲ್ಲಿ ಬ್ರಿಟನ್ ಸಾರಿದ ಮೀನುಗಾರಿಕೆ ನಿಷೇಧದ ಕಡಲು ಮೂರು ಕರ್ನಾಟಕಕ್ಕಿಂತ ದೊಡ್ಡದು. ಸ್ವಿಸ್ ಕೋಟ್ಯಧೀಶ ಬರ್ಟರೆಲ್ಲಿ ಕುಟುಂಬದ ಪ್ರತಿಷ್ಠಾನ ಹಣ ಹಾಕಿತು. ಅಷ್ಟು ನೀರು ಕಾಯಲು ಇದ್ದದ್ದು ಒಂದು ಗಸ್ತು ಹಡಗು. ಅಲ್ಲಿಂದ 1973ರೊಳಗೆ ಎಬ್ಬಿಸಿ ಕಳಿಸಿದ ಜನರನ್ನು ಯಾರು ಕೇಳಿದರು? ಮಾರಿಷಸ್‌ನ ಹಕ್ಕನ್ನೂ ಲೆಕ್ಕಿಸದೆ ಬ್ರಿಟನ್ ಸಮುದ್ರ ಕಾನೂನು ಮುರಿದಿದೆ ಅಂತ 2015ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಹೇಳಬೇಕಾಯಿತು.

ನಮ್ಮ ಯಜಮಾನರು ಟಾಂಪ್ಕಿನ್ಸ್ ಆಗಬೇಕೆಂದರೂ ಮಹಾರಾಷ್ಟ್ರದಲ್ಲಿ ಆಗದು. ರೈತನಲ್ಲದವನು ಹೊಲ ಕೊಳ್ಳುವ ಹಾಗಿಲ್ಲ, ರೈತನಾದರೂ ಖುಷ್ಕಿಗೆ 54 ಎಕರೆಯ ಮಿತಿ. ಸಾತ್‌ಬಾರಾ ಉತಾರ (ಇಲ್ಲಿಯ ಪಹಣಿ) ಹಿಡಿದು ತಲಾಠಿ ಅಂದರೆ ಗ್ರಾಮಲೆಕ್ಕಿಗರ ಕಚೇರಿಯ ಬೆಂಚಿನಲ್ಲೇ ಪ್ಯಾಟಗೋನಿಯಾ ಮುಗಿಯುತ್ತದೆ. ಖಾಡಿಯಂತೂ ಮಾರಾಟಕ್ಕಿಲ್ಲ. ಠಾಣೆ ಖಾಡಿಯ 1,690 ಹೆಕ್ಟೇರ್ 2015ರಿಂದ ಫ್ಲೆಮಿಂಗೊ ಅಭಯಾರಣ್ಯ. ಹೀಗಿರುವಾಗ ದುಡ್ಡು ಇಲ್ಲಿ ಕೊಳ್ಳಬಹುದಾದದ್ದು ಒಂದೇ, ದುಡಿಮೆ. ಅದೂ ವರ್ಷಾನುಗಟ್ಟಲೆ.

ಎಂಥ ದುಡಿಮೆ? ಭರತದ ನೀರು ಒಳಗೆ ಹೋಗದಂತೆ ಹಳೇ ಒಡ್ಡು, ಕೆಡವಿದ ಕಟ್ಟಡದ ಕಲ್ಲುಮಣ್ಣು ಬಿದ್ದಿರುತ್ತದೆ. ಇಲಾಖೆಯ ಅನುಮತಿ ಪಡೆದು ಮೊದಲು ಅದನ್ನು ಎತ್ತಿಸಿ. ನೀರು ನಿಂತು ಉಪ್ಪುಗಟ್ಟಿದ ಜಾಗಕ್ಕೆ ಒಂದು ಮುಖ್ಯ ಕಾಲುವೆ, ಅದಕ್ಕೆ 45 ಡಿಗ್ರಿಯಲ್ಲಿ ಮೀನಿನ ಮುಳ್ಳಿನ ಹಾಗೆ ಕವಲು ಕಾಲುವೆ. ತಮಿಳುನಾಡಿನ ಪಿಚ್ಚಾವರಂನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಆಮೇಲೆ ಒಂದು ಮಳೆಗಾಲ ಸುಮ್ಮನಿರಿ. ಹತ್ತಿರ ತಾಯಿಮರಗಳಿದ್ದರೆ ಭರತವೇ ಬೀಜ ತಂದು ಹಾಕುತ್ತದೆ. ಬಾರದ ಕಡೆ ಮಾತ್ರ ನೆಡಿ. ಕಾಲುವೆಯಲ್ಲಿ ಹೂಳು ತುಂಬುತ್ತದೆ, ಮತ್ತೆ ತೆಗೆಸಿ. ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಭರತ ಹೊಸ ಪ್ಲಾಸ್ಟಿಕ್ ತಂದು ಉಸಿರುಬೇರುಗಳ ಮೇಲೆ ಕಂಬಳಿ ಹೊದಿಸುತ್ತದೆ, ಮರ ಉಸಿರುಕಟ್ಟುತ್ತದೆ. ಆದ್ದರಿಂದ ಹೆಕ್ಕುವ ಕೆಲಸ ತಿಂಗಳಿಗೆ ಎರಡು ಸಲ. ಖಾಡಿಯ ಗುಣ ಗೊತ್ತಿರುವ ಇಲ್ಲಿಯ ಮೀನುಗಾರ ಕೋಲಿ ಹುಡುಗರಿಗೆ ತಿಂಗಳ ಸಂಬಳ ಕೊಡಿ, ದೋಣಿಗೆ ಡೀಸೆಲ್ ಕೊಡಿ, ಬಲೆ ಕೊಡಿ.

ಕಾನೂನು ಅಡ್ಡ ಬರುತ್ತದೆ ಅನ್ನಬೇಡಿ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅದೇ ಯೋಜನೆಗೆ ಖರ್ಚು ಮಾಡಲು ಅವಕಾಶ ಇದೆ. ಆದರೆ ಹೂಳು ತೆಗೆದ ಕಾಲುವೆಯ ಫೋಟೊಗೆ ಲೈಕ್ ಹಾಕುವವರು ಯಾರು?

"ಏನೋ ಒಂದು ಮಾಡ್ತಿದ್ದಾರಲ್ಲ" ಅಂತ ಕೆಳಗೆ ಬರೆಯುವವರು ಬರೆಯಿರಿ, ತೊಂದರೆಯಿಲ್ಲ. ನಾಳೆ ಬೆಳಗ್ಗೆಯೂ ನೀರು ಇಳಿದಿರುತ್ತದೆ. ಬರುವಾಗ ಒಂದು ಗೋಣಿಚೀಲ ತನ್ನಿ, ಪಾಲಿಥಿನ್ ಹೆಕ್ಕುವುದಿದೆ. ಫ್ಲೆಕ್ಸೂ ಅಲ್ಲೇ ಬಿದ್ದಿದೆ.