ಸೂಪರ್‌ಹೀರೋ ಸರಣಿಗಳ ಲಗಾಮು ಸ್ಟುಡಿಯೊ ಕೈಯಲ್ಲೇ ಇರಬೇಕೆ?

ಪರ: ಮೇಳಕ್ಕೊಬ್ಬ ಭಾಗವತ ಬೇಕು

2005ರಲ್ಲಿ ಅಮೆರಿಕದ ಕಾಮಿಕ್ಸ್ ಸಂಸ್ಥೆ ಮಾರ್ವೆಲ್, ಮೆರಿಲ್ ಲಿಂಚ್ ಎಂಬ ಹೂಡಿಕೆ ಬ್ಯಾಂಕಿನ ಮೂಲಕ 52.5 ಕೋಟಿ ಡಾಲರ್ ಸಾಲದ ಏರ್ಪಾಡು ಮಾಡಿಕೊಂಡಾಗ ಅಡವಿಟ್ಟದ್ದು ಜಮೀನೂ ಅಲ್ಲ, ಕಟ್ಟಡವೂ ಅಲ್ಲ. ಕ್ಯಾಪ್ಟನ್ ಅಮೆರಿಕ, ಆಂಟ್-ಮ್ಯಾನ್ ಮುಂತಾದ ಹತ್ತು ಕಾಮಿಕ್ಸ್ ಆಸ್ತಿಗಳ ಚಿತ್ರಹಕ್ಕು. ಚಿತ್ರಗಳು ಸೋತರೆ ಆ ಹಕ್ಕುಗಳು ಸಾಲ ಕೊಟ್ಟವರ ಪಾಲಾಗುತ್ತಿದ್ದವು. 1996ರಲ್ಲಿ ದಿವಾಳಿಯ ಅರ್ಜಿ ಹಾಕಿದ್ದ ಈ ಕಂಪನಿಯ ಅತ್ಯಂತ ಹೆಸರುವಾಸಿ ನಾಯಕರಲ್ಲಿ ಸ್ಪೈಡರ್-ಮ್ಯಾನ್ ಸೋನಿಗೂ, ಎಕ್ಸ್-ಮೆನ್ ತಂಡ ಫಾಕ್ಸ್‌ಗೂ ಆ ಹೊತ್ತಿಗಾಗಲೇ ಹೋಗಿಯಾಗಿತ್ತು. ಕಾಮಿಕ್ಸ್ ಓದದವರು ಹೆಸರನ್ನೂ ಸರಿಯಾಗಿ ಕೇಳಿರದ ಪಾತ್ರಗಳೇ ಹೆಚ್ಚಾಗಿ ಉಳಿದಿದ್ದವು. ಹಕ್ಕು ಮಾರಿ ರಾಯಧನ ಎಣಿಸುತ್ತ ಕೂರುವ ಬದಲು ಇರುವುದನ್ನೆಲ್ಲ ಪಣಕ್ಕಿಟ್ಟು ತಾವೇ ಚಿತ್ರ ತೆಗೆಯೋಣ ಎಂಬ ಈ ತೀರ್ಮಾನವನ್ನು ಯಾವ ನಿರ್ದೇಶಕರೂ ಮಾಡಲಿಲ್ಲ, ಮಾಡುವ ಸ್ಥಾನದಲ್ಲೂ ಇರಲಿಲ್ಲ. ಅದು ಕಚೇರಿಯೊಳಗೆ, ಲೆಕ್ಕಪತ್ರದ ಮುಂದೆ ಕುಳಿತವರು ಮಾಡಿದ ತೀರ್ಮಾನ.

ಅಲ್ಲಿಂದ ಮುಂದೆ ನಡೆದದ್ದು ಚಿತ್ರರಂಗದಲ್ಲಿ ಹಿಂದೆ ನಡೆದಿರಲಿಲ್ಲ. 2008ರ ‘ಐರನ್ ಮ್ಯಾನ್’ ಚಿತ್ರದಲ್ಲಿ ಹೆಸರುಗಳ ಪಟ್ಟಿಯೆಲ್ಲ ಮುಗಿದ ಮೇಲೆ ಗೂಢಚರ್ಯೆ ಸಂಸ್ಥೆಯ ಮುಖ್ಯಸ್ಥ ನಿಕ್ ಫ್ಯೂರಿ ಕಾಣಿಸಿಕೊಂಡು ಒಂದು ಮಾತಿನ ಎಳೆ ಬಿಟ್ಟುಹೋದ. ಆ ಎಳೆಗೆ ಗಂಟು ಬಿದ್ದದ್ದು ನಾಲ್ಕು ವರ್ಷಗಳ ಬಳಿಕ, ಐದು ಚಿತ್ರಗಳು ತೆರೆಕಂಡ ಮೇಲೆ, ಅವುಗಳ ನಾಯಕರೆಲ್ಲ ಒಟ್ಟುಗೂಡಿದ 2012ರ ‘ದಿ ಅವೆಂಜರ್ಸ್’ನಲ್ಲಿ. ಸರಣಿಯ ಇಪ್ಪತ್ತೆರಡನೆಯ ಚಿತ್ರವಾದ ‘ಎಂಡ್‌ಗೇಮ್’ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಈ ಹನ್ನೊಂದು ವರ್ಷಗಳಲ್ಲಿ ನಿರ್ದೇಶಕರು ಬದಲಾದರು, ಬರಹಗಾರರು ಬದಲಾದರು, ಹಲ್ಕ್ ಪಾತ್ರಧಾರಿಯೇ ಬದಲಾದರು. ಯಾವ ಎಳೆ ಎಲ್ಲಿ ಬಿಟ್ಟಿದೆ ಎಂಬ ನೆನಪು ಮಾತ್ರ ಒಂದೇ ಕಡೆ ಉಳಿಯಿತು. 2007ರಿಂದ ಮಾರ್ವೆಲ್ ಸ್ಟುಡಿಯೋಸ್‌ನ ಅಧ್ಯಕ್ಷರಾಗಿದ್ದ ಕೆವಿನ್ ಫೈಗಿ ಕ್ಯಾಮೆರಾ ಹಿಂದೆ ನಿಂತವರಲ್ಲ. ಯಕ್ಷಗಾನ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ: ಕುಣಿಯುವುದು ವೇಷಧಾರಿ, ಚಪ್ಪಾಳೆ ಗಿಟ್ಟಿಸುವುದೂ ವೇಷಧಾರಿ, ಆದರೆ ಯಾವ ವೇಷ ಎಷ್ಟು ಹೊತ್ತು ಕುಣಿಯಬೇಕು, ಪ್ರಸಂಗ ಬೆಳಗಿನೊಳಗೆ ಎಲ್ಲಿ ಮುಟ್ಟಬೇಕು ಎಂಬುದು ಜಾಗಟೆ ಹಿಡಿದ ಭಾಗವತನ ಕೈಯಲ್ಲಿರುತ್ತದೆ.

ಸ್ಟುಡಿಯೊ ಎಂದರೆ ಪ್ರತಿಭೆಯನ್ನು ತುಳಿಯುವ ಯಂತ್ರ ಎಂಬ ಮಾತು ಬಹಳ ಬಳಕೆಯಲ್ಲಿದೆ. ಆದರೆ ಟಿವಿ ಹಾಸ್ಯ ಧಾರಾವಾಹಿಗಳಿಂದ ಹೆಸರು ಮಾಡಿದ್ದ ರುಸ್ಸೋ ಸಹೋದರರ ಕೈಗೆ ಕ್ಯಾಪ್ಟನ್ ಅಮೆರಿಕನ ಎರಡನೆಯ ಚಿತ್ರವನ್ನು ಕೊಟ್ಟವರು ಯಾರು? ನ್ಯೂಜಿಲೆಂಡಿನ ಪುಟ್ಟ ಹಾಸ್ಯಚಿತ್ರಗಳ ಟೈಕಾ ವೈಟಿಟಿ ಅವರನ್ನು ಕರೆತಂದು ಥಾರ್‌ನ ಬಿಗುಮಾನ ಬಿಡಿಸಿದವರು ಯಾರು? ದೊಡ್ಡ ಬಜೆಟ್ಟನ್ನು ಹಿಂದೆಂದೂ ಕಾಣದವರಿಗೆ ಅಂಥ ಅವಕಾಶ ಸಿಕ್ಕಿದ್ದೇ ಅವರ ಬೆನ್ನಿಗೆ ಒಂದು ಗಟ್ಟಿ ವ್ಯವಸ್ಥೆ ಇದ್ದುದರಿಂದ. ಹಾಗೆಂದು ನಷ್ಟವೇ ಆಗಿಲ್ಲವೆಂದಲ್ಲ. ವರ್ಷಗಟ್ಟಲೆ ‘ಆಂಟ್-ಮ್ಯಾನ್’ ಚಿತ್ರವನ್ನು ಕಟ್ಟುತ್ತಿದ್ದ ಎಡ್ಗರ್ ರೈಟ್ 2014ರಲ್ಲಿ ಹೊರನಡೆದಾಗ ಅವರ ಚಿತ್ರಗಳನ್ನು ಮೆಚ್ಚಿದ ನನ್ನಂಥವರಿಗೆ ಬೇಸರವಾಯಿತು. ಆದರೂ ಪಾತ್ರ ನಿಂತುಹೋಗಲಿಲ್ಲ, ಸರಣಿಯೂ ತೊಡರಲಿಲ್ಲ. ಒಬ್ಬರು ಹೋದರೂ ಕಥೆ ಸಾಗುವಂತಿರುವುದೇ ಸರಣಿಯ ಗುಣ. ಅದನ್ನು ಒಪ್ಪದವರು ಒಂಟಿ ಚಿತ್ರ ಮಾಡಬಹುದು.

ನಿರ್ದೇಶಕರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಎಲ್ಲವೂ ನೆಟ್ಟಗಾಗುತ್ತದೆ ಎನ್ನುವವರಿಗೆ ವಾರ್ನರ್ ಬ್ರದರ್ಸ್‌ನ ‘ಜೋಕರ್’ನ ಎರಡನೆಯ ಭಾಗವನ್ನು ತೋರಿಸಬೇಕು. 2019ರ ಮೊದಲ ಚಿತ್ರ ಕಡಿಮೆ ಖರ್ಚಿನಲ್ಲಿ ತಯಾರಾಗಿ 100 ಕೋಟಿ ಡಾಲರ್ ದಾಟಿತ್ತು. ಆ ಯಶಸ್ಸಿನ ಬಲದಿಂದ ಟಾಡ್ ಫಿಲಿಪ್ಸ್ 2024ರಲ್ಲಿ ತಮಗೆ ಬೇಕಾದಂತೆಯೇ ಹಾಡುಗಳನ್ನು ತುಂಬಿದ ಚಿತ್ರ ಮಾಡಿದರು. ಖರ್ಚು ಹಲವು ಪಟ್ಟು ಏರಿತು, ಗಳಿಕೆ ಮೊದಲಿನದರ ಕಾಲು ಭಾಗದಷ್ಟೂ ಬರಲಿಲ್ಲ.

ಇನ್ನು ಕೆಲವು ಗಂಟುಗಳನ್ನು ಸ್ಟುಡಿಯೊಗಳಲ್ಲದೆ ಬೇರೆ ಯಾರೂ ಬಿಡಿಸಲಾರರು. 2015ರ ಫೆಬ್ರುವರಿಯಲ್ಲಿ ಸೋನಿ ಮತ್ತು ಡಿಸ್ನಿಯ ಒಡೆತನದ ಮಾರ್ವೆಲ್ ಮಾಡಿಕೊಂಡ ಒಪ್ಪಂದವನ್ನು ನೆನೆಯಿರಿ. ಹಕ್ಕು ಮತ್ತು ಹಂಚಿಕೆ ಸೋನಿಯದು, ಚಿತ್ರ ಕಟ್ಟುವ ಹೊಣೆ ಮಾರ್ವೆಲ್‌ನದು. ಪೈಪೋಟಿಯ ಎರಡು ಸಂಸ್ಥೆಗಳು ಒಂದೇ ಪಾತ್ರವನ್ನು ಹೀಗೆ ಹಂಚಿಕೊಂಡದ್ದರಿಂದ ಸ್ಪೈಡರ್-ಮ್ಯಾನ್ 2016ರಲ್ಲಿ ಕ್ಯಾಪ್ಟನ್ ಅಮೆರಿಕನ ಎದುರು ನಿಲ್ಲಲು ಸಾಧ್ಯವಾಯಿತು. 2021ರ ‘ನೋ ವೇ ಹೋಮ್’ ಕೋವಿಡ್ ಕಾಲದಲ್ಲೂ ಸುಮಾರು 190 ಕೋಟಿ ಡಾಲರ್ ಗಳಿಸಿತು. ಸ್ಟುಡಿಯೊ ತಪ್ಪು ಮಾಡುವುದಿಲ್ಲವೆಂದು ಯಾರೂ ವಾದಿಸುತ್ತಿಲ್ಲ. ಓಟಿಟಿ ವೇದಿಕೆಯನ್ನು ತುಂಬಿಸುವ ಆತುರದಲ್ಲಿ ಮಾರ್ವೆಲ್ 2021ರಿಂದ ಅತಿಯಾಗಿ ಉತ್ಪಾದಿಸಿತು. ಅದರಿಂದ ಗಮನ ಚದುರಿತೆಂದು ಡಿಸ್ನಿಯ ಮುಖ್ಯಸ್ಥ ಬಾಬ್ ಐಗರ್ 2023ರಲ್ಲಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಮರುವರ್ಷ ಮಾರ್ವೆಲ್ ಸ್ಟುಡಿಯೋಸ್‌ನಿಂದ ತೆರೆಗೆ ಬಂದದ್ದು ಒಂದೇ ಚಿತ್ರ, ‘ಡೆಡ್‌ಪೂಲ್ ಆ್ಯಂಡ್ ವುಲ್ವರಿನ್’. ಅದು 130 ಕೋಟಿ ಡಾಲರ್ ದಾಟಿತು. ನಿರ್ದೇಶಕರೊಬ್ಬರು ತಮ್ಮ ಒಂದು ಚಿತ್ರವನ್ನು ತಿದ್ದಿಕೊಳ್ಳಬಲ್ಲರು; ಇಡೀ ಸರಣಿಯ ವೇಗವನ್ನು ತಗ್ಗಿಸುವ ಅಧಿಕಾರ ಅವರಿಗೆ ಇರುವುದಿಲ್ಲ.

ವಿರೋಧ: ನಿನ್ನೆಯ ಕಾಯಿಲೆಗೆ ನಾಳೆಯ ಚಿತ್ರಕ್ಕೆ ಔಷಧ

ಭಾಗವತನ ಹೋಲಿಕೆ ಸೊಗಸಾಗಿದೆ, ಆದರೆ ತಪ್ಪು ಜಾಗದಲ್ಲಿ ಬಿದ್ದಿದೆ. ಭಾಗವತ ರಂಗದ ಮೇಲೇ ಕುಳಿತಿರುತ್ತಾನೆ, ಪ್ರಸಂಗ ಅವನಿಗೆ ಬಾಯಿಪಾಠ, ಪದ ತಪ್ಪಿದರೆ ಸಭೆಯ ಮುಂದೆ ಅವನದೇ ಮಾನ ಹೋಗುತ್ತದೆ. ಸ್ಟುಡಿಯೊ ಹೋಲುವುದು ಟಿಕೆಟಿನ ಗಲ್ಲಾ ಎಣಿಸುತ್ತ ಕುಳಿತು, ಆಟ ಅರ್ಧವಾದಾಗ ಜನ ಎದ್ದು ಹೋಗುತ್ತಿದ್ದಾರೆಂಬ ಸುದ್ದಿ ಕೇಳಿ ‘ಹಾಸ್ಯಗಾರನನ್ನು ಬೇಗ ಒಳಗೆ ಬಿಡಿ’ ಎಂದು ಚೌಕಿಗೆ ಹೇಳಿಕಳಿಸುವ ಯಜಮಾನನನ್ನು. ಅದೂ ಒಬ್ಬನೇ ಯಜಮಾನನಲ್ಲ. ಬ್ಯಾಟ್‌ಮ್ಯಾನ್, ಸೂಪರ್‌ಮ್ಯಾನ್‌ಗಳ ಮನೆಯಾದ ವಾರ್ನರ್ ಬ್ರದರ್ಸ್ 2018ರಲ್ಲಿ ಎಟಿ ಆ್ಯಂಡ್ ಟಿ ಎಂಬ ದೂರವಾಣಿ ಕಂಪನಿಯ ಕೈಗೆ ಹೋಯಿತು. 2022ರಲ್ಲಿ ಅಲ್ಲಿಂದಲೂ ಬಿಡಿಸಿಕೊಂಡು ಡಿಸ್ಕವರಿ ಜತೆ ಸೇರಿತು. ಒಡೆಯ ಬದಲಾದಾಗಲೆಲ್ಲ ಹಿಂದಿನವರು ಹಾಕಿದ ಯೋಜನೆ ಕಸದ ಬುಟ್ಟಿಗೆ. ಇಂಥ ಕಡೆ ನೆನಪು ಉಳಿಯುತ್ತದೆ ಎನ್ನುವುದು ಭ್ರಮೆ.

ಈ ರೋಗ ಹಳೆಯದು. 1978ರ ‘ಸೂಪರ್‌ಮ್ಯಾನ್’ ಗೆದ್ದ ಮೇಲೂ, ಎರಡನೆಯ ಭಾಗದ ಬಹುಪಾಲನ್ನು ಆಗಲೇ ಚಿತ್ರೀಕರಿಸಿದ್ದ ನಿರ್ದೇಶಕ ರಿಚರ್ಡ್ ಡಾನರ್ ಅವರನ್ನು ನಿರ್ಮಾಪಕರು ತೆಗೆದುಹಾಕಿದರು. 1987ರಲ್ಲಿ ನಾಲ್ಕನೆಯ ಭಾಗದ ಬಜೆಟ್ಟನ್ನು ಕ್ಯಾನನ್ ಸಂಸ್ಥೆ ಸುಮಾರು ಅರ್ಧಕ್ಕೆ ಇಳಿಸಿತು. ಅಗ್ಗದ ಹಾರಾಟದ ದೃಶ್ಯಗಳನ್ನು ಕಂಡ ಪ್ರೇಕ್ಷಕರು ನಕ್ಕರು. ಅಲ್ಲಿಗೆ ಆ ಸರಣಿ ಮುಗಿಯಿತು.

ಬ್ಯಾಟ್‌ಮ್ಯಾನ್‌ನ ಕತೆ ಇನ್ನೂ ಸ್ಪಷ್ಟ. ಟಿಮ್ ಬರ್ಟನ್ ಅವರ 1992ರ ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ ಬಹಳ ಕರಾಳವಾಯಿತೆಂದು ಪೋಷಕರು ದೂರಿದರು. ಮೆಕ್‌ಡೊನಾಲ್ಡ್ಸ್ ಮಕ್ಕಳ ಊಟದ ಜತೆ ಅದೇ ಚಿತ್ರದ ಆಟಿಕೆ ಕೊಡುತ್ತಿದ್ದುದು ಮುಜುಗರಕ್ಕೆ ಕಾರಣವಾಯಿತು. ಸ್ಟುಡಿಯೊ ನಿರ್ದೇಶಕರನ್ನು ಬದಲಿಸಿ, ಬಣ್ಣ ಬಳಿಸಿ, 1997ರ ‘ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್’ ಹೊತ್ತಿಗೆ ಕತೆಗಿಂತ ಆಟಿಕೆಯೇ ಮುಖ್ಯವೆನಿಸುವ ಮಟ್ಟಕ್ಕೆ ತಂದು ನಿಲ್ಲಿಸಿತು. ಬೈಗುಳ ತಿಂದವರು ಹೊಸ ನಿರ್ದೇಶಕ ಜೋಯೆಲ್ ಶುಮಾಕರ್, ನಿರಾಶರಾದ ಪ್ರೇಕ್ಷಕರ ಕ್ಷಮೆ ಕೇಳಿದವರೂ ಅವರೇ. ಮುಂದಿನ ಬ್ಯಾಟ್‌ಮ್ಯಾನ್ ಚಿತ್ರಕ್ಕೆ ಎಂಟು ವರ್ಷ ಕಾಯಬೇಕಾಯಿತು. ಗಮನಿಸಬೇಕಾದದ್ದು ಇದು: ಸ್ಟುಡಿಯೊ ಹಿಂದಿನ ಚಿತ್ರಕ್ಕೆ ಬಂದ ಕಾಯಿಲೆಗೆ ಮುಂದಿನ ಚಿತ್ರಕ್ಕೆ ಔಷಧ ಕುಡಿಸುತ್ತದೆ. ಆ ಮುಂದಿನ ಚಿತ್ರ ಆರೋಗ್ಯವಾಗಿತ್ತೇ ಇಲ್ಲವೇ ಎಂದು ನಾಡಿ ಹಿಡಿದು ನೋಡುವುದಿಲ್ಲ.

ಇಪ್ಪತ್ತು ವರ್ಷಗಳ ಬಳಿಕ ಅದೇ ಮನೆಯಲ್ಲಿ ಅದೇ ಔಷಧ. ಅವೆಂಜರ್ಸ್ ಗೆಲುವನ್ನು ಕಂಡ ವಾರ್ನರ್ 2014ರ ಅಕ್ಟೋಬರ್‌ನಲ್ಲಿ 2020ರವರೆಗಿನ ಹತ್ತು ಚಿತ್ರಗಳ ಪಟ್ಟಿಯನ್ನು ಒಮ್ಮೆಲೇ ಪ್ರಕಟಿಸಿತು. ಮಾರ್ವೆಲ್ ಐದು ಚಿತ್ರಗಳಲ್ಲಿ ಪಾತ್ರಗಳನ್ನು ಪರಿಚಯಿಸಿ ಆಮೇಲೆ ಒಟ್ಟುಗೂಡಿಸಿತ್ತು. ಇವರು ಒಂದು ಸೂಪರ್‌ಮ್ಯಾನ್ ಚಿತ್ರ ಮುಗಿಯುತ್ತಲೇ ಅವನನ್ನು ಬ್ಯಾಟ್‌ಮ್ಯಾನ್ ಜತೆ ಹೊಡೆದಾಟಕ್ಕೆ ಇಳಿಸಿ, ಆ ಚಿತ್ರದಲ್ಲೇ ಸಾಯಿಸಿಯೂ ಬಿಟ್ಟರು. ಎದುರು ಮನೆಯ ಫಸಲನ್ನು ನಕಲು ಮಾಡಿದರು, ಉಳುಮೆಯನ್ನು ಮಾಡಲಿಲ್ಲ. 2016ರ ಆ ಚಿತ್ರ ಮಬ್ಬಾಯಿತೆಂಬ ಟೀಕೆ ಬಂದ ಕೂಡಲೇ ಅದೇ ವರ್ಷದ ‘ಸೂಯಿಸೈಡ್ ಸ್ಕ್ವಾಡ್’ ಮೇಲೆ ಕತ್ತರಿ ಬಿತ್ತು. ಅದರ ಟ್ರೇಲರ್ ತಯಾರಿಸಿದ ಕಂಪನಿಯಿಂದಲೇ ಇನ್ನೊಂದು ಸಂಕಲನ ಮಾಡಿಸಲಾಯಿತೆಂದು ಹಾಲಿವುಡ್ ಪತ್ರಿಕೆಗಳು ವರದಿ ಮಾಡಿದವು.

‘ಜಸ್ಟಿಸ್ ಲೀಗ್’ ಸ್ಥಿತಿ ಇನ್ನೂ ಶೋಚನೀಯ. ಮಗಳ ಸಾವಿನ ದುಃಖದಲ್ಲಿದ್ದ ನಿರ್ದೇಶಕ ಝ್ಯಾಕ್ ಸ್ನೈಡರ್ 2017ರ ಮೇ ತಿಂಗಳಲ್ಲಿ ಚಿತ್ರದಿಂದ ಹಿಂದೆ ಸರಿದರು. ಮಾನವೀಯತೆಗಾದರೂ ಬಿಡುಗಡೆಯನ್ನು ಮುಂದೂಡಬಹುದಿತ್ತು. ಸ್ಟುಡಿಯೊ ನವೆಂಬರ್ ದಿನಾಂಕವನ್ನು ಬಿಡಲಿಲ್ಲ; ಜಾಸ್ ವೀಡನ್ ಅವರಿಂದ ಹಾಸ್ಯ ಬೆರೆಸಿ ಬರೆಸಿತು, ಮರುಚಿತ್ರೀಕರಣ ಮಾಡಿಸಿತು, ಎರಡು ಗಂಟೆಗೆ ಇಳಿಸಿತು. ಸೂಪರ್‌ಮ್ಯಾನ್ ಪಾತ್ರಧಾರಿ ಹೆನ್ರಿ ಕ್ಯಾವಿಲ್ ಆಗ ಬೇರೊಂದು ಸ್ಟುಡಿಯೊದ ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು, ಆ ಸ್ಟುಡಿಯೊ ಬೋಳಿಸಲು ಒಪ್ಪಲಿಲ್ಲ. ಹಾಗಾಗಿ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಲಾಯಿತು. ಉಕ್ಕಿನ ಮನುಷ್ಯನ ಮೇಲ್ದುಟಿ ಮೇಣದಂತೆ ಕಂಡದ್ದನ್ನು ಪ್ರೇಕ್ಷಕರು ಇವತ್ತಿಗೂ ಆಡಿಕೊಳ್ಳುತ್ತಾರೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೂವರೂ ಒಟ್ಟಾಗಿ ಬಂದ ಈ ಚಿತ್ರದ ಗಳಿಕೆ 2013ರಲ್ಲಿ ಸೂಪರ್‌ಮ್ಯಾನ್ ಒಬ್ಬನೇ ಗಳಿಸಿದ್ದಕ್ಕಿಂತ ತುಸು ಕಡಿಮೆ. 2017ರಲ್ಲೇ ಪ್ಯಾಟಿ ಜೆಂಕಿನ್ಸ್ ಅವರ ‘ವಂಡರ್ ವುಮನ್’ ಒಂದೇ 80 ಕೋಟಿ ಡಾಲರ್ ದಾಟಿತ್ತು. ಕೊನೆಗೆ 2021ರಲ್ಲಿ, ಅಭಿಮಾನಿಗಳ ವರ್ಷಗಳ ಒತ್ತಾಯದ ಬಳಿಕ, ಅದೇ ಕಂಪನಿ ಮತ್ತೆ ಕೋಟಿಗಟ್ಟಲೆ ಖರ್ಚು ಮಾಡಿ ಸ್ನೈಡರ್ ಅವರ ನಾಲ್ಕು ಗಂಟೆಗಳ ಆವೃತ್ತಿಯನ್ನು ಓಟಿಟಿಯಲ್ಲಿ ಬಿಡುಗಡೆ ಮಾಡಿತು. ಆ ಆವೃತ್ತಿ ನನಗೆ ಅಷ್ಟೇನೂ ಹಿಡಿಸಲಿಲ್ಲ, ಎಳೆದಾಟ ಹೆಚ್ಚು. ಆದರೆ ಅದು ಒಬ್ಬ ಮನುಷ್ಯ ಮಾಡಿದ ಚಿತ್ರವೆಂದು ತಿಳಿಯುತ್ತದೆ. ಮೊದಲನೆಯದು ಹಾಗಲ್ಲ.

ಸ್ಪೈಡರ್-ಮ್ಯಾನ್ ಒಪ್ಪಂದವನ್ನು ಸ್ಟುಡಿಯೊಗಳ ಜಾಣತನವೆಂದು ಹೊಗಳುವ ಮೊದಲು ಅದು ಏಕೆ ಬೇಕಾಯಿತೆಂದು ಕೇಳಬೇಕು. ಸೋನಿಯ ಮೊದಲ ಸ್ಪೈಡರ್-ಮ್ಯಾನ್ ಚಿತ್ರಗಳ ನಿರ್ದೇಶಕ ಸ್ಯಾಮ್ ರೈಮಿ ಅವರಿಗೆ ಒಲವಿಲ್ಲದ ವೆನಮ್ ಎಂಬ ಖಳಪಾತ್ರವನ್ನು 2007ರ ಮೂರನೆಯ ಚಿತ್ರಕ್ಕೆ ತುರುಕಿಸಲಾಯಿತು. ನಾಲ್ಕನೆಯದರ ಚಿತ್ರಕತೆ ನಿಗದಿತ ದಿನಾಂಕಕ್ಕೆ ಹೊಂದದೆ 2010ರಲ್ಲಿ ಅದು ರದ್ದಾಯಿತು. ಹೊಸ ನಟ, ಹೊಸ ನಿರ್ದೇಶಕರೊಂದಿಗೆ ಮತ್ತೆ ಮೊದಲಿನಿಂದ ಶುರು ಮಾಡಿ, 2014ರ ಎರಡನೆಯ ಭಾಗದಲ್ಲೇ ಮುಂಬರುವ ಖಳನಾಯಕರ ಚಿತ್ರಗಳಿಗೆ ಜಾಹೀರಾತು ಹಾಕಿಕೊಂಡು ಎಡವಿದ ಮೇಲಷ್ಟೇ ಸೋನಿ ಮಾರ್ವೆಲ್‌ನ ಬಾಗಿಲು ತಟ್ಟಿದ್ದು.

ಇನ್ನು ಮಾರ್ವೆಲ್. ಐರನ್ ಮ್ಯಾನ್ ಪಾತ್ರಕ್ಕೆ ರಾಬರ್ಟ್ ಡೌನಿ ಜೂನಿಯರ್ ಬೇಡವೆಂದದ್ದು ಕಚೇರಿ. ಅವರೇ ಬೇಕೆಂದು ಹಟ ಹಿಡಿದದ್ದು ನಿರ್ದೇಶಕ ಜಾನ್ ಫ್ಯಾವ್ರೊ. ಆ ಹಟ ಇಲ್ಲದಿದ್ದರೆ ಅಡವಿಟ್ಟ ಹತ್ತು ಹಕ್ಕುಗಳ ಗತಿ ಏನಾಗುತ್ತಿತ್ತೋ! ಭಾಗವತನೆಂದು ಕರೆಯಲಾದ ಫೈಗಿ ಕೂಡ ಚಿತ್ರಕತೆಗಳಲ್ಲಿ ಮೂಗು ತೂರಿಸುತ್ತಿದ್ದ ಮಾರ್ವೆಲ್‌ನದೇ ನ್ಯೂಯಾರ್ಕ್ ಸಮಿತಿಯ ಹಿಡಿತದಿಂದ ಹೊರಬಂದದ್ದು 2015ರಲ್ಲಿ. ಫಾಕ್ಸ್‌ನಲ್ಲೂ ಹೀಗೆಯೇ: 2009ರಲ್ಲಿ ಡೆಡ್‌ಪೂಲ್ ಎಂಬ ವಾಚಾಳಿಯ ಬಾಯಿ ಹೊಲಿದು ತೆರೆಗೆ ತಂದ ಸಂಸ್ಥೆ, 2014ರಲ್ಲಿ ಪರೀಕ್ಷಾರ್ಥ ದೃಶ್ಯ ಸೋರಿಕೆಯಾಗಿ ಜನ ಮುಗಿಬಿದ್ದು ನೋಡಿದ ಮೇಲಷ್ಟೇ ಅವನ ಸ್ವಂತ ಚಿತ್ರಕ್ಕೆ ಒಪ್ಪಿಗೆ ಕೊಟ್ಟಿತು. 5.8 ಕೋಟಿ ಡಾಲರ್ ಬಜೆಟ್ಟಿನ ಆ ಚಿತ್ರ 2016ರಲ್ಲಿ 78 ಕೋಟಿ ತಂದಿತು. ಸಣ್ಣ ಬಜೆಟ್ಟು ಎಂದರೆ ಕಚೇರಿಯಿಂದ ಕಡಿಮೆ ಫೋನು. ‘ಜೋಕರ್’ನ ಎರಡನೆಯ ಭಾಗದ ತಪ್ಪೂ ಅಲ್ಲೇ ಇದೆ: ಒಂದೇ ಚಿತ್ರವಾಗಿ ಮುಗಿದಿದ್ದ ಕತೆಗೆ ಇಷ್ಟೊಂದು ಹಣ ಸುರಿದು ಬಾಲ ಕಟ್ಟಿಸಿದ್ದು ಗಲ್ಲಾ ನೋಡಿದವರು.

ಕೊನೆಯ ಕ್ಷಣದ ತೀರ್ಮಾನಗಳ ಬೆಲೆಯನ್ನು ತೆರುವವರು ಬೇರೆಯೇ ಇದ್ದಾರೆ. ಬಿಡುಗಡೆಯ ದಿನ ಕದಲುವುದಿಲ್ಲ, ದೃಶ್ಯ ಮಾತ್ರ ಬದಲಾಗುತ್ತಲೇ ಇರುತ್ತದೆ. ನಡುವೆ ನಿದ್ದೆಗೆಡುವವರು ಕಂಪ್ಯೂಟರಿನಲ್ಲಿ ದೃಶ್ಯ ಕಟ್ಟುವ ವಿಎಫ್‌ಎಕ್ಸ್ ಕೆಲಸಗಾರರು. ಹಾಲಿವುಡ್‌ನ ಇಂಥ ಕೆಲಸ ಬೆಂಗಳೂರಿಗೂ ಹರಿದುಬರುವುದರಿಂದ ನಮಗೆ ಇದು ದೂರದ ಸಂಗತಿಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ ಕಾರ್ಮಿಕ ಸಂಘ ಸೇರಲು ಸರ್ವಾನುಮತದಿಂದ ಮತ ಹಾಕಿದರು.

ಅತಿ ಕೆಟ್ಟ ಚಿತ್ರವನ್ನಾದರೂ ಪ್ರೇಕ್ಷಕ ನೋಡಿ ತೀರ್ಪು ಹೇಳಬಹುದು. ಗ್ಲಾಸ್ಗೊದಲ್ಲಿ ಚಿತ್ರೀಕರಣ ಮುಗಿದು ಸಂಕಲನದ ಹಂತದಲ್ಲಿದ್ದ, ಸುಮಾರು 9 ಕೋಟಿ ಡಾಲರ್ ಖರ್ಚಾಗಿದ್ದ ‘ಬ್ಯಾಟ್‌ಗರ್ಲ್’ಗೆ ಆ ಭಾಗ್ಯವೂ ಸಿಗಲಿಲ್ಲ. 2022ರ ಆಗಸ್ಟ್‌ನಲ್ಲಿ ವಾರ್ನರ್‌ನ ಹೊಸ ಒಡೆಯರು ಅದನ್ನು ಎಲ್ಲಿಯೂ ಬಿಡುಗಡೆ ಮಾಡುವುದಿಲ್ಲವೆಂದು ತೀರ್ಮಾನಿಸಿದರು; ನಷ್ಟವೆಂದು ಬರೆದುಕೊಂಡರೆ ತೆರಿಗೆಯಲ್ಲಿ ಅನುಕೂಲವಿತ್ತು. ನಿರ್ದೇಶಕರಾದ ಆದಿಲ್ ಎಲ್ ಅರ್ಬಿ ಮತ್ತು ಬಿಲಾಲ್ ಫಲ್ಲಾ ಆಗ ಆದಿಲ್ ಮದುವೆಗಾಗಿ ಮೊರಾಕ್ಕೊದಲ್ಲಿದ್ದರು. ಫೋನಿನಿಂದಲಾದರೂ ತಮ್ಮ ಚಿತ್ರವನ್ನು ಸೆರೆಹಿಡಿದಿಟ್ಟುಕೊಳ್ಳೋಣವೆಂದು ಸರ್ವರ್ ತೆರೆದು ನೋಡಿದರೆ, ಅಲ್ಲಿ ಚಿತ್ರವಿರಲಿಲ್ಲ.